ಲಾಕರಿನೊಳಗಿನ ಸೀರೆ

ತಿಕೋಟಾದ ಆ ಮನೆಗೆ ಬಂದವರು ಯಾರಾದರೂ "ಈ ಹುಡುಗ ಯಾರ ಮಗ?" ಎಂದು ಕೇಳಿದರೆ ಮನೆಯವರಿಗೆ ಸಿಟ್ಟೇ ಬರುತ್ತಿತ್ತು. ಯಾರ ಮಗ ಅಂದರೆ ಏನರ್ಥ? ಈ ಮನೆಯ ಮಗ. ಯಾರ ಕೈ ಬಿಡುವಾಗಿತ್ತೋ ಅವರು ಉಣಿಸಿದರು, ಯಾರ ಸೊಂಟ ಖಾಲಿ ಇತ್ತೋ ಅವರು ಎತ್ತಿಕೊಂಡರು, ಯಾರಿಗೆ ತಲೆ ಕೆಟ್ಟಿತೋ ಅವರು ಎರಡು ಬಾರಿಸಿದರು. ತನ್ನ ತಾಯಿ ಯಾರೆಂಬುದು ಅಳುವ ಕೂಸಿಗೆ ಗೊತ್ತಿದ್ದರೆ ಆಯಿತು, ಉಳಿದವರಿಗೆ ಅದರ ಗೊಡವೆ ಯಾಕೆ?

ನೇತ್ರಾಳ ಫಜೀತಿ ಇದ್ದದ್ದೇ ಅಲ್ಲಿ. ಅವಳು ಹೆತ್ತ ಸಂಗು ಅಳುವಾಗ ಹುಡುಕುತ್ತಿದ್ದದ್ದು ಅವಳನ್ನಲ್ಲ.

ನೇತ್ರಾ ಆ ಮನೆಯ ಎರಡನೆಯ ಸೊಸೆ. ಗಂಡ ಮಾಳು ಬಿಜ್ಜರಗಿ ಊರಿನ ದ್ರಾಕ್ಷಿ ಪಡ, ಮನೆಯ ತೋಟ, ನೋಡಿಕೊಳ್ಳುತ್ತಿದ್ದ. ಹಿರಿಯ ಸೊಸೆ ಸೌಭಾಗ್ಯ, ಅವಳ ಗಂಡ ಸತೀಶಕುಮಾರ. ಅವರಿಬ್ಬರಿಗೆ ಮಕ್ಕಳಾಗಿರಲಿಲ್ಲ. ನೇತ್ರಾಳಿಗೆ ಮೊದಲು ಕುನಾಲ ಹುಟ್ಟಿದ, ಆಮೇಲೆ ಸಂಗು. ಸಂಗುವನ್ನು ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಅಷ್ಟರಲ್ಲಿ ನೇತ್ರಾಳಿಗೆ ಕಾಮಾಲೆ ಹತ್ತಿಕೊಂಡಿತು. ಕೂಸಿಗೆ ಹಾಲು ಕುಡಿಸಬೇಡ ಎಂದರು, ಹತ್ತಿರ ಮಲಗಿಸಬೇಡ ಎಂದರು, ಪಥ್ಯ ಮಾಡಿಕೊಂಡಿರು ಎಂದು ಬಬಲೇಶ್ವರದ ತವರಿಗೆ ಕಳಿಸಿಬಿಟ್ಟರು. ಮೈಯ ಹಳದಿ ಇಳಿದು, ಕಣ್ಣು ಬೆಳ್ಳಗಾಗಿ ಅವಳು ತಿರುಗಿ ಬರುವಷ್ಟರಲ್ಲಿ ಕೂಸು ಬೋರಲು ಬೀಳುವುದು ಕಲಿತಿತ್ತು, ಮುಖ ನೋಡಿ ನಗುವುದು ಕಲಿತಿತ್ತು, ಸೌಭಾಗ್ಯಳ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುವುದನ್ನೂ ಕಲಿತಿತ್ತು. ನೇತ್ರಾ ಆಸೆಯಿಂದ ಎತ್ತಿಕೊಂಡರೆ ಕಿಟಾರನೆ ಕಿರುಚಿತು.

"ಸಣ್ಣ ಕೂಸ ಐತಿ, ತಿಳೀತೈತಿ ತಗೋ," ಎಂದರು ಎಲ್ಲರೂ. ತಿಳಿಯಲಿಲ್ಲ. ಈಗ ಅವನಿಗೆ ಮೂರು ತುಂಬುತ್ತ ಬಂದಿತ್ತು. ಸೌಭಾಗ್ಯಳಿಗೆ ಅವ್ವಾ ಅನ್ನುತ್ತಿದ್ದ. ನೇತ್ರಾಳಿಗೆ, ಮನೆಯಲ್ಲಿದ್ದ ದಾಯಾದಿಗಳ ಹುಡುಗರು ಕರೆಯುವ ಹಾಗೆ, ಕಾಕು, ಎಂದರೆ ಚಿಕ್ಕಮ್ಮ, ಅನ್ನುತ್ತಿದ್ದ. "ಕಾಕು, ನೀರ ಕೊಡ." ಅವಳು ಕೊಡುತ್ತಿದ್ದಳು.

ಸೌಭಾಗ್ಯ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಜಗಳಾಡಿ ಕಿತ್ತುಕೊಳ್ಳಬಹುದಿತ್ತು. ಆದರೆ ಅವಳು ದಿನಾ ಸಂಜೆ ಹುಡುಗನ ಮುಖ ತೊಳೆದು, ತಲೆ ಬಾಚಿ, ತಂದು ನೇತ್ರಾಳ ಮುಂದೆ ನಿಲ್ಲಿಸುತ್ತಿದ್ದಳು. "ತಗೋ ಯವ್ವಾ, ನಿನ್ನ ಮಗ." ಹುಡುಗ ತಿರುಗಿ ಅವಳತ್ತಲೇ ಕೈ ಚಾಚುತ್ತಿದ್ದ. ದಿನಾ ಇದೇ. ಕೊನೆಗೊಂದು ಸಂಜೆ ನೇತ್ರಾಳೇ, "ಇರ್ಲಿ ಬಿಡ್ರಿ ಅಕ್ಕಾ, ನಿಮ್ಮ ಹಂತ್ಯಾಕ ಇರ್ಲಿ," ಎಂದುಬಿಟ್ಟಳು. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಅಂದಿನಿಂದ ಅವಳ ಎದೆಗೆ ಹಾಗೇ ಆಗಿತ್ತು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಅಡುಗೆ ಮಾಡಿದಳು, ರೊಟ್ಟಿ ಬಡಿದಳು, ಒಣದ್ರಾಕ್ಷಿಯ ತೊಟ್ಟು ಬಿಡಿಸಿದಳು. ಯಾರಾದರೂ ನಕ್ಕರೆ ಅವಳೂ ನಕ್ಕಳು. ಹುಡುಗನ ಕಡೆ ನೋಡುವುದನ್ನು ಮಾತ್ರ ಬಿಟ್ಟಳು.

ಇಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಸತೀಶಕುಮಾರ ವಿಜಯಪುರದ ಗಾಂಧಿ ಚೌಕದಲ್ಲಿ ಒಣದ್ರಾಕ್ಷಿಯ ಅಂಗಡಿ ಹಿಡಿದ. ದಿನಾ ಹೋಗಿ ಬರುವುದು ಆಗದು, ಅಲ್ಲೇ ಮನೆ ಮಾಡುತ್ತೇನೆ ಎಂದ. ಹೆಂಡತಿಯನ್ನು ಕರೆದುಕೊಂಡು ಹೋಗುವವನೇ. ಹಾಗಾದರೆ ಸಂಗು?

ಅತ್ತೆ ಕಾಶಿಬಾಯಿ ಯಾವ ಮಾತನ್ನೂ ಅರ್ಧಕ್ಕೆ ಬಿಡುವ ಹೆಂಗಸಲ್ಲ. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಾಗ, ಮೊರದಿಂದ ಕಣ್ಣೆತ್ತದೆ ಕೇಳಿದಳು: "ಸಂಗೂನ್ನ ಸೌಭಾಗ್ಯಾನ ಉಡ್ಯಾಗ ಹಾಕೂಣೇನು?"

ಉಡಿಯಲ್ಲಿ ಹಾಕುವುದೆಂದರೆ ಆ ಮನೆತನದಲ್ಲಿ ಆಟದ ಮಾತಲ್ಲ. ಪಡೆಯುವವಳು ಸೆರಗು ಒಡ್ಡಬೇಕು, ಹೆತ್ತವಳು ತನ್ನ ಕೈಯಾರೆ ಕೂಸನ್ನು ಎತ್ತಿ ಅದರಲ್ಲಿ ಇಡಬೇಕು. ಹೆತ್ತವಳ ಬದಲು ಅತ್ತೆ ಇಡುವಂತಿಲ್ಲ, ಗಂಡ ಇಡುವಂತಿಲ್ಲ. ಒತ್ತಾಯದಿಂದ ಇಡಿಸಿದರೆ ಕೂಸಿಗೆ ಏಳಿಗೆಯಿಲ್ಲ ಎಂಬ ನಂಬಿಕೆ. ಒಮ್ಮೆ ಇಟ್ಟ ಮೇಲೆ ಮುಗಿಯಿತು, ತಿರುಗಿ ನನ್ನದು ಅನ್ನುವ ಹಾಗಿಲ್ಲ.

ಮಾಳುವನ್ನು ಕೇಳಿದರೆ, "ನೀ ಹ್ಯಾಂಗಂತಿ ಹಂಗ," ಎಂದು ಟವೆಲ್ಲು ಕೊಡವಿ ಪಡಕ್ಕೆ ಹೋದ. ಗಂಡಸರು ಇಂಥ ಹೊತ್ತಿನಲ್ಲಿ ಎಷ್ಟು ಒಳ್ಳೆಯವರಾಗಿಬಿಡುತ್ತಾರೆ. ಉಳಿದದ್ದಕ್ಕೆಲ್ಲ ಅವರದೇ ಹುಕುಂ, ಇದೊಂದಕ್ಕೆ ಮಾತ್ರ ಹೆಂಡತಿಯ ಮಾತು.

"ನೋಡೂಣ್ರಿ ಅತ್ತಿ," ಎಂದಳು ನೇತ್ರಾ.

"ನೋಡು. ನಿನಗ ಯಾರೂ ಜುಲುಮಿ ಮಾಡೂದಿಲ್ಲ. ಹುಡುಗರು ವಾಟರ್ ಪಾರ್ಕ್ ವಾಟರ್ ಪಾರ್ಕ್ ಅಂತ ಜೀವಾ ತಿನ್ನಾಕತ್ತಾವು. ಅಲ್ಲಿಗಿ ಹೋಗಿ ಬಂದ ಮ್ಯಾಲ ಹೇಳು. ಆದ್ರ ಅವತ್ತ ಹೇಳು ಮತ್ತ."

ಹೀಗೆ ಪಾರ್ಕಿನ ದಿನ ನೇತ್ರಾಳ ಪಾಲಿಗೆ ವಾಯಿದೆಯ ದಿನವಾಯಿತು. ಹುಡುಗರು ಬೆರಳೆಣಿಸುತ್ತಿದ್ದರು. ಅವಳು ಎಣಿಸಲಿಲ್ಲ. ದಿನ ತಾನಾಗೇ ಬಂತು.

ಕ್ರೂಸರ್ ಗಾಡಿಯಲ್ಲಿ ಎಷ್ಟು ಮಂದಿ ಕೂಡಬೇಕು ಎನ್ನುವುದಕ್ಕೆ ಕಂಪನಿಯವರದೊಂದು ಲೆಕ್ಕ, ತಿಕೋಟಾದವರದೊಂದು ಲೆಕ್ಕ. ಸಣ್ಣ ಮಕ್ಕಳನ್ನು ತೊಡೆಯ ಮೇಲೆ, ನಡುವಿನವರನ್ನು ಕಾಲ ನಡುವೆ, ದೊಡ್ಡವರನ್ನು ಕಿಟಕಿಗೆ ಒತ್ತಿ ತುಂಬಿದ್ದಾಯಿತು. ಮುಂದೆ ಕಾಶಿಬಾಯಿ ತನ್ನ ಬುತ್ತಿಯ ಗಂಟಿನೊಡನೆ ಕೂತಳು, ಹಿಂದೆ ಸತೀಶಕುಮಾರ ಮತ್ತು ಮಾಳು. ಸಂಗು ಸೌಭಾಗ್ಯಳ ತೊಡೆಯ ಮೇಲೆ. ಅವಳು ಕೆಂಪು ದಡಿಯ ಹಸಿರು ಸೀರೆ ಉಟ್ಟಿದ್ದಳು, ನಿತ್ಯ ಉಡುವ ಸೀರೆಯೇ. ಹೊಸದು ಉಟ್ಟರೆ ಹುಡುಗ ಮಲಗುವುದಿಲ್ಲ ಎಂದು ಎಲ್ಲಿಗೆ ಹೋದರೂ ಅವಳದು ಅದೇ ಸೀರೆ.

ವಿಜಯಪುರದೊಳಗೆ ಬಂದಾಗ ಸತೀಶಕುಮಾರ ಸ್ಟೇಷನ್ ರಸ್ತೆಯ ಹಿಂದಿನ ಓಣಿಗೆ ಗಾಡಿ ಹೊರಳಿಸಲು ಹೇಳಿ, ಹಿಡಿದ ಮನೆಯನ್ನು ಹೊರಗಿನಿಂದಲೇ ತೋರಿಸಿದ. ಗ್ರಿಲ್ಲಿನ ಬಾಗಿಲು, ಮುಂದೊಂದು ಬೇವಿನ ಗಿಡ.

"ನೀರು ಛಲೋ ಬರ್ತಾವು. ಸಂಗೂನ ಸಾಲಿನೂ ಬಾಜೂಕ..." ಎಂದವನು ನಾಲಿಗೆ ಕಚ್ಚಿಕೊಂಡ.

ಸೌಭಾಗ್ಯ ಕಿಟಕಿಯ ಆಚೆ ನೋಡತೊಡಗಿದಳು. ಮನೆ ಚೆನ್ನಾಗಿದೆ ಎಂದುಕೊಂಡಳು ನೇತ್ರಾ. ಗಿಡಕ್ಕೊಂದು ಜೋಲಿ ಕಟ್ಟಬಹುದು ಎಂದುಕೊಂಡಳು. ಬೇರೆಯವರ ಮನೆ ನೋಡಿದ ಹಾಗೆ ನೋಡಿದಳು, ಅಷ್ಟೇ.

ಪಾರ್ಕು ಊರ ಹೊರಗೆ, ಬಯಲಿನಲ್ಲಿ. ಗೇಟಿನಲ್ಲಿ ಮೊದಲ ಲಡಾಯಿ ಬುತ್ತಿಗಾಗಿ ಆಯಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದ ಕಾವಲಿನವನು. "ಇದೇನ ತಿಂಡಿ ಅಲ್ಲೋ ಯಪ್ಪಾ, ರೊಟ್ಟಿ," ಎಂದಳು ಕಾಶಿಬಾಯಿ. ಅವನಿಗೆ ಆ ಭೇದ ತಿಳಿಯಲಿಲ್ಲ. ಕೊನೆಗೆ ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಗೇಟಿನ ಹೊರಗಿನ ನೆರಳಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ನೀವು ಹೋಗ್ರಿ. ಹಸದಾಗ ಒಬ್ಬೊಬ್ಬರ ಹೊರಗ ಬಂದು ತಿಂದು ಹೋಗ್ರಿ. ನನಗ ಆ ನೀರಿನ ಹೌಸಿಲ್ಲ."

ಎರಡನೆಯ ಲಡಾಯಿ ಸೀರೆಗಾಗಿ. ಸೀರೆ ಉಟ್ಟು ನೀರಿಗಿಳಿಯುವ ಹಾಗಿಲ್ಲ, ಬಾಡಿಗೆಯ ಡ್ರೆಸ್ಸು ಹಾಕಿಕೊಳ್ಳಬೇಕು. ನೀಲಿ ನೈಲಾನಿನ ಅಂಗಿ, ನೀಲಿ ನೈಲಾನಿನ ಪ್ಯಾಂಟು, ತಲೆಗೆ ಬಿಗಿಯಾದ ನೀಲಿ ಟೋಪಿ. ಮದುವೆಯಾದಾಗಿನಿಂದ ಸೆರಗು ಬಿಟ್ಟು ಅಂಗಳಕ್ಕೂ ಬಾರದ ಸೊಸೆಯಂದಿರು ಕೋಣೆಯೊಳಗೆ ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಗೋಡೆ ಹಿಡಿದರು. ಸೌಭಾಗ್ಯ ಒಲ್ಲೆ ಎಂದಳು. ಸಂಗು ನೀರು ನೋಡಿ ಕುಣಿಯುತ್ತಿದ್ದ, ಮೊಣಕಾಲುದ್ದ ನೀರಿಗೂ ಅವನೊಬ್ಬನನ್ನೇ ಬಿಡುವುದು ಹೇಗೆ? ಕಡೆಗೆ ಅವನನ್ನು ಸತೀಶಕುಮಾರನ ಕೈಗೆ ಕೊಟ್ಟು ಅವಳೂ ಹಾಕಿಕೊಂಡಳು. ಇಬ್ಬರ ಸೀರೆಗಳನ್ನೂ ಒಂದೇ ಲಾಕರಿನಲ್ಲಿಟ್ಟು, ಕೀಲಿಯ ದಾರವನ್ನು ನೇತ್ರಾ ಮುಂಗೈಗೆ ಕಟ್ಟಿಕೊಂಡಳು.

ಹೊರಗೆ ಬಂದರೆ ಎತ್ತ ನೋಡಿದರತ್ತ ನೀಲಿ ಹೆಂಗಸರು. ಸಾಹುಕಾರರ ಹೆಂಡತಿ ಯಾರು, ಕೂಲಿಯವಳು ಯಾರು, ಒಂದೂ ಗೊತ್ತಾಗುವಂತಿರಲಿಲ್ಲ. ನೀರು ಬಿದ್ದೊಡನೆ ಹಣೆಯ ಕುಂಕುಮವೂ ಹೋಯಿತು. ಹಾಡು ಕಿವಿ ಹರಿಯುವ ಹಾಗೆ ಹಚ್ಚಿದ್ದರು. ಕುನಾಲ ಜಾರುಬಂಡೆಯ ತುದಿಯಿಂದ "ಅವ್ವಾ, ಇಲ್ಲಿ ನೋಡ," ಎಂದು ಕೂಗಿದ. ನೇತ್ರಾ ನೋಡಿ ಕೈ ಬೀಸಿದಳು. ಕುನಾಲ ಮತ್ತೆ ಹತ್ತಿದ, ಮತ್ತೆ ಜಾರಿದ. ಅವಳು ಮತ್ತೆ ಕೈ ಬೀಸಿದಳು. ಕೈ ತನ್ನಷ್ಟಕ್ಕೆ ಬೀಸುತ್ತಿತ್ತು.

ಹಾಗೆ ನಿಂತಾಗಲೇ ಸಂಗು ಕಂಡದ್ದು. ಅಣಬೆಯ ಆಕಾರದ ಕಾರಂಜಿಯ ಕೆಳಗೆ ನೀರು ಬಡಿಯುತ್ತ ನಿಂತಿದ್ದ. ಪಕ್ಕದಲ್ಲಿ ನೀಲಿ ಅಂಗಿಯ, ತುಸು ಮೈತುಂಬಿದ ಹೆಂಗಸು. ಅಕ್ಕ ಇದ್ದಾರೆ ಎಂದುಕೊಂಡಳು ನೇತ್ರಾ, ರೂಢಿಯಂತೆ ಮುಖ ಹೊರಳಿಸಿದಳು. ನೋಡಬಾರದು ಎಂದು ತಾನೇ ಹಾಕಿಕೊಂಡ ಕಟ್ಟಳೆ.

ತುಸು ಹೊತ್ತಿಗೆ ಸೌಭಾಗ್ಯ ಬೇರೆ ದಿಕ್ಕಿನಿಂದ ಬಂದಳು. ಕೈಯಲ್ಲಿ ಪಾಪಡಿಯ ಪೊಟ್ಟಣವಿತ್ತು.

"ಸಂಗು ಎಲ್ಲಿ?"

"ನಿಮ್ಮ ಹಂತ್ಯಾಕ ಇದ್ನಲ್ರಿ."

"ನನ್ನ ಹಂತ್ಯಾಕ ಎಲ್ಲಿ? ನಿನ್ನ ಹಿಂದ ನಿಂತಿದ್ದ. ಕಾಕು ಅದಾಳ, ನೋಡ್ತಾಳಂತ ನಾ ಹೋದ್ನಿ."

ಕಾರಂಜಿಯ ಕೆಳಗೆ ಆ ಹೆಂಗಸು ಇನ್ನೂ ಇದ್ದಳು. ಯಾರೋ ಪರಕೀಯಳು. ಹುಡುಗ ಇರಲಿಲ್ಲ.

ಮನೆಯಲ್ಲಿ ಈ ತಪ್ಪು ದಿನಾ ಆಗುತ್ತಿತ್ತು, ದಿನಾ ಏನೂ ಆಗುತ್ತಿರಲಿಲ್ಲ. ಯಾರದೋ ಸೊಂಟದ ಮೇಲೆ ಹುಡುಗ ಇದ್ದೇ ಇರುತ್ತಿದ್ದ. ಇಲ್ಲಿ ಯಾರ ಸೊಂಟವೂ ಯಾರದೂ ಅಲ್ಲ. ಸೌಭಾಗ್ಯಳ ಕೈಯಿಂದ ಪಾಪಡಿ ನೀರಿಗೆ ಬಿತ್ತು. ಅವಳು ಕೂಗುತ್ತ ಅಲೆಯ ಹೊಂಡದ ಕಡೆ ಓಡಿದಳು, ಅಲ್ಲಿಂದ ಜಾರುಬಂಡೆಗೆ, ಅಲ್ಲಿಂದ ಮತ್ತೆ ಹೊಂಡಕ್ಕೆ. ನೇತ್ರಾಳೂ ಓಡಿದಳು. ಓಡುತ್ತಿರುವುದು ಕಾಲಿಗೆ ಗೊತ್ತಾಗುತ್ತಿತ್ತು. ಎದೆ ಮಾತ್ರ ಕಲ್ಲಿನ ಹಾಗೆ ಬಿದ್ದಿತ್ತು. ನನ್ನ ಹೊಟ್ಟೆಯ ಕೂಸು ನೀರಿನಲ್ಲಿ ಕಾಣೆಯಾಗಿದೆ, ನನಗೆ ಅಳು ಯಾಕೆ ಬರುತ್ತಿಲ್ಲ ಎಂದು ಓಡುತ್ತಲೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಹುಡುಗ ಸಿಕ್ಕಿದ್ದ. ಕಾವಲಿನವರ ಕೋಣೆಯಲ್ಲಿದ್ದ. ಹೀನಾ ಎಂದು ಎದೆಯ ಮೇಲೆ ಹೆಸರು ಬರೆದ ಕಾವಲಿನ ಹುಡುಗಿ ಅವನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅತ್ತು ಅತ್ತು ಅವನ ಮುಖ ಊದಿತ್ತು. ಓಡಿ ಬಂದ ಇಬ್ಬರು ನೀಲಿ ಹೆಂಗಸರನ್ನು ನೋಡಿದ್ದೇ ಅವನು ಹೀನಾಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಮತ್ತಷ್ಟು ಚೀರಿದ.

"ಸಂಗೂ, ಬಾರೋ," ಎಂದಳು ಸೌಭಾಗ್ಯ. ಕೂಗಿ ಕೂಗಿ ಅವಳ ದನಿ ಒಡೆದುಹೋಗಿತ್ತು, ಗಂಡಸಿನ ಗಂಟಲಿನ ಹಾಗೆ ಗೊಗ್ಗರಾಗಿತ್ತು. ಟೋಪಿ ಕಿತ್ತಳು. ಒದ್ದೆ ಕೂದಲು ಮುಖಕ್ಕೆ ಅಂಟಿ, ಬೋಳು ಹಣೆಯಲ್ಲಿ ಅವಳು ಇನ್ನಷ್ಟು ಬೇರೆಯವಳಾಗಿ ಕಂಡಳು. ಹುಡುಗ ಕಾಲು ಝಾಡಿಸಿದ.

ಹೀನಾ ಒಂದು ಹೆಜ್ಜೆ ಹಿಂದೆ ಸರಿದಳು. "ಕೂಸ ನಿಮ್ಮನ್ನ ಗುರ್ತ ಹಿಡಿಯಾಕತ್ತಿಲ್ರಿ. ಹಂಗ ಹ್ಯಾಂಗ ಕೊಡ್ಲಿ? ಇಬ್ರೊಳಗ ತಾಯಿ ಯಾರ್ರಿ?"

ಸೌಭಾಗ್ಯ ನೇತ್ರಾಳ ಕಡೆ ನೋಡಿದಳು. ಇಷ್ಟು ದಿನ ಅವ್ವಾ ಅನ್ನಿಸಿಕೊಂಡವಳು, ನಾನೇ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. "ನೇತ್ರಾ, ನೀ ಹೇಳ ಬೇ," ಎಂದಳು.

ನೇತ್ರಾ ಹೇಳಲಿಲ್ಲ. ಹೀನಾ ಇಬ್ಬರನ್ನೂ ಅನುಮಾನದಿಂದ ನೋಡಿದಳು. ತಾಯಿ ಯಾರೆಂದು ಹೇಳಲು ಇಷ್ಟು ಹೊತ್ತು ಬೇಕೇ? ಆ ಹುಡುಗಿಯದೇನೂ ತಪ್ಪಿಲ್ಲ, ಯಾರಿಗಾದರೂ ಅನುಮಾನ ಬರಬೇಕಾದದ್ದೇ.

"ತಡೀರಿ, ಬಂದ್ನಿ," ಎಂದು ನೇತ್ರಾ ಸೀರೆ ಬದಲಿಸುವ ಕೋಣೆಗೆ ನಡೆದಳು.

ಲಾಕರು ತೆಗೆದರೆ ಎರಡೂ ಸೀರೆ ಒಂದರ ಮೇಲೊಂದು. ಮೇಲಿದ್ದದ್ದು ಅವಳದು. ಅದನ್ನು ಸರಿಸಿ ಹಸಿರು ಸೀರೆ ಎಳೆದುಕೊಂಡಳು. ಸೆರಗಿನ ತುದಿ ಕೈಗೆ ಬಂತು. ಚೀಪಿ ಚೀಪಿ ಆ ಮೂಲೆಯ ಬಣ್ಣ ಹೋಗಿ ಬೂದಾಗಿತ್ತು, ನೂಲು ಬಿಚ್ಚಿಕೊಂಡಿತ್ತು, ಸಣ್ಣ ಹಲ್ಲುಗಳು ಕಡಿದಲ್ಲಿ ತೂತಾಗಿತ್ತು. ಅವಳು ತನ್ನ ಸೀರೆಯ ತುದಿಯನ್ನೂ ಹಿಡಿದು ನೋಡಿದಳು. ಅಂಗಡಿಯಿಂದ ತಂದ ಹಾಗೇ ಇತ್ತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಎದುರಿಗೆ ಕನ್ನಡಿ. ನೇತ್ರಾ ಹಸಿರು ಸೀರೆಯನ್ನು ನೀಲಿ ಅಂಗಿಯ ಮೇಲೆ ಹೊದ್ದಳು, ಸೆರಗು ತಲೆಯ ಮೇಲೆಳೆದು, ಹಣೆ ಮುಚ್ಚುವಷ್ಟು ಮುಂದೆ ತಂದಳು. ಕನ್ನಡಿಯಲ್ಲಿ ಸೌಭಾಗ್ಯಳಂತೆಯೇ ಕಂಡಳು. ಹೀಗೇ ಹೋದರೆ ಹುಡುಗ ಬರುತ್ತಾನೆ. ಆ ಮೂಲೆಯನ್ನು ಬಾಯಿಗಿಟ್ಟುಕೊಂಡು, ಅವ್ವಾ ಎಂದು ಅವಳ ಎದೆಗೆ ಮುಖ ಒತ್ತುತ್ತಾನೆ. ಒಂದೇ ಒಂದು ಸಲ. ಆ ಹೀನಾ ಎಂಬುವಳು, ಓಹೋ ತಾಯಿ ಇವರು ಎಂದು ಕೊಟ್ಟುಬಿಡುತ್ತಾಳೆ. ಆಸೆ ಅವಳಿಗೆ ಆಯಿತು, ಇಲ್ಲವೆಂದರೆ ಸುಳ್ಳು.

ಆಮೇಲೆ ಹುಡುಗ ಮುಖ ಎತ್ತಿ ನೋಡುತ್ತಾನೆ. ನೋಡಿ ಕಾಕು ಅನ್ನುತ್ತಾನೆ.

ಅವಳು ಸೀರೆ ತೆಗೆದು, ಮಡಿಕೆ ಕೆಡದಂತೆ ಕೈಮೇಲೆ ಹಾಕಿಕೊಂಡು ತಿರುಗಿ ಬಂದಳು.

ಸೌಭಾಗ್ಯ ನಡುಗುತ್ತಿದ್ದಳು, ಸೀರೆ ಹಿಡಿಯಲೂ ಬೆರಳು ಬರುತ್ತಿರಲಿಲ್ಲ. ನೇತ್ರಾಳೇ ಉಡಿಸಿದಳು. ಒದ್ದೆ ನೈಲಾನಿನ ಮೇಲೆ ಸುತ್ತಿ, ನಿರಿಗೆ ಹಿಡಿದು ಸೊಂಟಕ್ಕೆ ಸಿಗಿಸಿ, ಸೆರಗು ಹೆಗಲಿಗೆ ತಂದಳು. ಒದ್ದೆ ಕೂದಲನ್ನು ಹಿಂದಕ್ಕೆ ಸವರಿ ತುರುಬು ಸುತ್ತಿದಳು. ಮದುಮಗಳನ್ನು ಸಿಂಗರಿಸಿದ ಹಾಗೆ ಅವಸರವಿಲ್ಲದೆ ಮಾಡಿದಳು. ಹುಡುಗನ ಅಳು ಇಳಿಯಿತು. ಅವನು ಹೀನಾಳ ಹೆಗಲಿನಿಂದ ಕತ್ತು ಹೊರಳಿಸಿ ಆ ಸೆರಗಿನ ತುದಿಯನ್ನೇ ನೋಡುತ್ತಿದ್ದ. ನೋಡಿ ಕೈ ಚಾಚಿದ.

ಹೀನಾ ಹತ್ತಿರ ನಿಂತಿದ್ದವಳ ಕೈಗೆ ಕೊಟ್ಟಳು. ಹತ್ತಿರ ನಿಂತಿದ್ದವಳು ನೇತ್ರಾ.

ಅವನು ಭಾರವಾಗಿದ್ದ. ಇಷ್ಟು ಭಾರವಾಗಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಒದ್ದೆ ಹೊಟ್ಟೆ ಅವಳ ಕೈಗೆ ತಣ್ಣಗೆ ತಾಗಿತು. ಅವನು ಅವಳ ಕೈಯಲ್ಲಿದ್ದುಕೊಂಡೇ ಸೌಭಾಗ್ಯಳ ಕಡೆ ಬಾಗುತ್ತಿದ್ದ.

"ಅಕ್ಕಾ, ಉಡಿ ಒಡ್ಡ್ರಿ," ಎಂದಳು ನೇತ್ರಾ.

ಸೌಭಾಗ್ಯಳಿಗೆ ಅರ್ಥವಾಯಿತು. "ಇಲ್ಲಿ ಬ್ಯಾಡ ನೇತ್ರಾ. ಗಾಬರ್ಯಾಗ ಹಿಂಗ ಮಾಡಬ್ಯಾಡ. ಮನಿಗಿ ಹೋಗಿ, ಅತ್ತಿ ಮುಂದ, ವಿಚಾರ ಮಾಡಿ..."

"ವಿಚಾರ ಮಾಡೀನ್ರಿ. ಒಡ್ಡ್ರಿ."

ಸೌಭಾಗ್ಯ ಸೆರಗಿನ ಎರಡು ತುದಿ ಹಿಡಿದು ಒಡ್ಡಿದಳು. ನೇತ್ರಾ ಹುಡುಗನನ್ನು ಎರಡೂ ಕೈಯಿಂದ ಎತ್ತಿ ಅದರಲ್ಲಿಟ್ಟಳು. ಅರಿಷಿಣವಿಲ್ಲ, ಕೊಬ್ಬರಿ ಬಟ್ಟಲಿಲ್ಲ, ಹೊರಗೆ ಹಾಡು ಒದರುತ್ತಿತ್ತು. ಹುಡುಗ ಸೆರಗಿನ ಆ ಬೂದು ಮೂಲೆಯನ್ನು ಹುಡುಕಿ ಬಾಯಿಗಿಟ್ಟುಕೊಂಡ. "ಅವ್ವಾ," ಎಂದ, ಬಾಯಿ ತುಂಬ ಸೀರೆ ಇಟ್ಟುಕೊಂಡೇ.

"ಹಂಗಾರ ತಾಯಿ ಇವ್ರ ಏನ್ರಿ?" ಕೇಳಿದಳು ಹೀನಾ.

"ಹೂನ್ರಿ. ಇವ್ರ."

"ನೀವು ಏನಾಗಬೇಕ್ರಿ?"

"ಕಾಕು," ಎಂದಳು ನೇತ್ರಾ.

ಸಂಜೆ ತಿರುಗಿ ಹೊರಟಾಗ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ಗಾಡಿಯ ತುಂಬ ಒದ್ದೆ ಬಟ್ಟೆಯ ವಾಸನೆ, ಶೇಂಗಾ ಹಿಂಡಿ ಚಟ್ನಿಯ ವಾಸನೆ. ಸಂಗು ಸೌಭಾಗ್ಯಳ ತೊಡೆಯ ಮೇಲೆ ಮಲಗಿದ್ದ. ಜಾಗ ಸಾಲದೆ ಅವನ ಕಾಲುಗಳು ಪಕ್ಕದ ನೇತ್ರಾಳ ತೊಡೆಯ ಮೇಲೆ ಬಂದಿದ್ದವು. ಅವಳು ಪಾದಗಳನ್ನು ಮುಟ್ಟಲಿಲ್ಲ, ಸರಿಸಲೂ ಇಲ್ಲ. ಊರು ದಾಟಿದ ಮೇಲೆ ಕಾಶಿಬಾಯಿ ಮುಂದಿನ ಸೀಟಿನಿಂದ ತಿರುಗಿದಳು.

"ಏನ ಬೇ ನೇತ್ರಾ, ಏನ ವಿಚಾರ ಮಾಡಿದಿ?"

"ಹಾಕೀನ್ರಿ ಅತ್ತಿ."

"ಹಾಕ್ತೀನಿ ಅಂತಿಯೇನು?"

"ಇಲ್ರಿ. ಹಾಕೀನಿ. ಅಲ್ಲೇ, ಒಳಗ."

ಕಾಶಿಬಾಯಿ ಸೌಭಾಗ್ಯಳ ಮುಖ ನೋಡಿದಳು, ಅವಳು ತಲೆ ತಗ್ಗಿಸಿ ಅಳುತ್ತಿದ್ದಳು. ಮುದುಕಿ ಬುತ್ತಿಯ ಗಂಟು ಬಿಚ್ಚಿ ಉಳಿದಿದ್ದ ರೊಟ್ಟಿಗೆ ಹಿಂಡಿ ಸವರಿ ನೇತ್ರಾಳ ಕೈಗಿಟ್ಟಳು. "ಮುಂಜಾನಿಂದ ನೀ ಹೊರಗ ಬರಲಿಲ್ಲ. ಉಣ್ಣು," ಎಂದಳು. ನೇತ್ರಾ ಉಂಡಳು. ಮಾಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ, ಊರು ಬರುವವರೆಗೂ ಹಾಗೇ ಕೂತಿದ್ದ.

ತಿಕೋಟಾದಲ್ಲಿ ಎಲ್ಲರೂ ಇಳಿದರು. ಸೌಭಾಗ್ಯ ಹುಡುಗನನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ನೇತ್ರಾ ಏಳಲು ಹೋದರೆ ಕಾಲು ಬರಲಿಲ್ಲ. ಹುಡುಗನ ಭಾರಕ್ಕೆ ತೊಡೆಯಿಂದ ಕೆಳಗೆಲ್ಲ ಜೋಮು ಹಿಡಿದಿತ್ತು.

"ಅವ್ವಾ, ಇಳಿ," ಎಂದ ಕುನಾಲ.

"ನೀ ನಡಿ. ಬರ್ತೀನಿ."

ಖಾಲಿ ಗಾಡಿಯಲ್ಲಿ ಅವಳೊಬ್ಬಳೇ ಕೂತಳು. ಮೊದಲು ಹೆಬ್ಬೆರಳು ಚುರುಗುಟ್ಟಿತು, ಆಮೇಲೆ ಮೀನಖಂಡ, ಆಮೇಲೆ ತೊಡೆ. ಅವನ ಪಾದಗಳಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಜೋಮು ಬಿಡುವಾಗಿನ ಆ ನೋವು ಕಾಲಿನಲ್ಲಿ ನಿಲ್ಲದೆ ಮೇಲಕ್ಕೆ ಹತ್ತಿ ಬಂತು, ಎದೆಗೆ ಬಂತು. ಅಂಗಳದಲ್ಲಿ ಹುಡುಗರು ಓಡಾಡುತ್ತಿದ್ದರು, ಯಾರಿಗೂ ಕೇಳಬಾರದೆಂದು ನೇತ್ರಾ ತನ್ನ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಗಟ್ಟಿಯಾಗಿ ಕಚ್ಚಿ ಹಿಡಿದಳು.